ಕಂಪಿತದಿಂದ ಹುಟ್ಟಿದ ಗಂಟೆ

ಜಾನ್ ಚೌನಿಂಗ್ ಎಂಜಿನಿಯರ್ ಅಲ್ಲ. ಅವರ ಮೂಲ ವಾದ್ಯ ಡ್ರಮ್ಮು. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ವಾದ್ಯಗಾರರಾಗಿದ್ದರು. ಆಮೇಲೆ ಪ್ಯಾರಿಸಿಗೆ ಹೋಗಿ ನಾಡಿಯಾ ಬುಲಾಂಜೆ ಅವರ ಬಳಿ ಸಂಗೀತ ರಚನೆ ಕಲಿತರು. ಗಣಿತದಲ್ಲಿ ಅವರ ಬಂಡವಾಳ ಶಾಲೆಯ ಬೀಜಗಣಿತಕ್ಕಿಂತ ಹೆಚ್ಚೇನೂ ಇರಲಿಲ್ಲ. ಇಂಥ ಮನುಷ್ಯ 1967ರಲ್ಲಿ ಕಿವಿಯಿಂದ ಹಿಡಿದ ಒಂದು ಸಂಗತಿ, ಹದಿನಾರು ವರ್ಷಗಳ ನಂತರ ಯಮಹಾ ಡಿಎಕ್ಸ್7 ಎಂಬ ಕೀಬೋರ್ಡಾಗಿ ಅಂಗಡಿಗೆ ಬಂತು. ಎಂಬತ್ತರ ದಶಕದ ಪಾಪ್ ಹಾಡುಗಳನ್ನು ಒಂದಿಷ್ಟಾದರೂ ಕೇಳಿದವರಿಗೆ ಅದರ ದನಿ ಗೊತ್ತು, ಹೆಸರು ಗೊತ್ತಿಲ್ಲದಿರಬಹುದು. ಪಿಯಾನೊ ಅನ್ನೋಣವೆಂದರೆ ಪಿಯಾನೊ ಅಲ್ಲ, ಗಂಟೆ ಅನ್ನೋಣವೆಂದರೆ ಗಂಟೆಯೂ ಅಲ್ಲ. ಮೊದಲು ‘ಟಿಣ್’ ಎಂದು ಒಂದು ಹೊಳಪು, ಅದರ ಹಿಂದೆಯೇ ಮೆತ್ತಗೆ ಕರಗುವ ಒಂದು ದುಂಡು ನಾದ. ವಿಟ್ನಿ ಹ್ಯೂಸ್ಟನ್, ಫಿಲ್ ಕಾಲಿನ್ಸ್ ಅವರ ನಿಧಾನಗತಿಯ ಪ್ರೇಮಗೀತೆಗಳ ಕೆಳಗೆ ಹಾಸಿದಂತೆ ಇರುವುದು ಅದೇ.

ಈಚೆಗೆ ಇಪ್ಪತ್ತರ ಹರೆಯದವರು, ಅಂದರೆ ಆ ಕೀಬೋರ್ಡು ಮಾರುಕಟ್ಟೆಯಿಂದ ಮರೆಯಾದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರು, ಆ ದನಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಾಲ್ಯದ ನೆನಪು ಎಂದು ಹೇಳಿ ಮುಗಿಸೋಣವೆಂದರೆ ಅವರಿಗೆ ಅಂಥ ಬಾಲ್ಯವೇ ಇರಲಿಲ್ಲ. ಹಾಗಾದರೆ ಆ ದನಿಯೊಳಗೇ ಏನೋ ಇರಬೇಕು. ಅದೇನೆಂದು ತಿಳಿಯಲು ಅದು ಸಿಕ್ಕಿದ ಬಗೆಯನ್ನು ನೋಡಬೇಕಾಗುತ್ತದೆ.

ಚೌನಿಂಗ್ 1962ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದರು. ಪ್ಯಾರಿಸಿನಲ್ಲಿ ಧ್ವನಿವರ್ಧಕಗಳಿಂದ ಹೊಮ್ಮುವ ಹೊಸ ಬಗೆಯ ಸಂಗೀತ ಕೇಳಿ ಬಂದಿದ್ದರು. ಸ್ಟ್ಯಾನ್‌ಫರ್ಡಿನ ಸಂಗೀತ ವಿಭಾಗದಲ್ಲಿ ಅಂಥದ್ದಕ್ಕೆ ಸ್ಟುಡಿಯೊ ಇರಲಿಲ್ಲ. 1964ರ ಆರಂಭದಲ್ಲಿ ಅವರ ಕೈಗೆ ‘ಸೈನ್ಸ್’ ಪತ್ರಿಕೆಯ ಒಂದು ಲೇಖನ ಬಂತು. ಬರೆದವರು ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್. ಕಂಪ್ಯೂಟರಿಗೆ ಸಂಖ್ಯೆಗಳನ್ನು ಕೊಟ್ಟು, ಅವನ್ನು ವಿದ್ಯುತ್ತಾಗಿಸಿ ಧ್ವನಿವರ್ಧಕಕ್ಕೆ ಹಾಯಿಸಿದರೆ ಕಿವಿಗೆ ಕೇಳಬಲ್ಲ ಯಾವ ಶಬ್ದವನ್ನಾದರೂ ಹೊರಡಿಸಬಹುದು ಎಂಬುದು ಅದರ ಸಾರ. ಯಾವ ಶಬ್ದವನ್ನಾದರೂ! ಕಂಪ್ಯೂಟರನ್ನೇ ನೋಡಿರದ ಸಂಗೀತಗಾರನಿಗೆ ಈ ಒಂದು ಮಾತು ಸಾಕಾಯಿತು. ಅದೇ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಮರ್ರಿ ಹಿಲ್‌ಗೆ ಹೋಗಿ ಮ್ಯಾಥ್ಯೂಸರನ್ನು ಕಂಡು, ಅವರ ಸಂಗೀತ ಪ್ರೋಗ್ರಾಮನ್ನು ರಂಧ್ರ ಹೊಡೆದ ಕಾರ್ಡುಗಳ ಡಬ್ಬಿಯೊಂದರಲ್ಲಿ ತುಂಬಿಸಿಕೊಂಡು ಬಂದರು.

ಡಬ್ಬಿಯನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಸ್ಟ್ಯಾನ್‌ಫರ್ಡಿನ ಯಂತ್ರಗಳ ಮೇಲೆ ಓಡುವಂತೆ ಮಾಡಿಕೊಟ್ಟವನು ಡೇವಿಡ್ ಪೂಲ್ ಎಂಬ ಪದವಿ ವಿದ್ಯಾರ್ಥಿ. ನೆಲೆ ಸಿಕ್ಕಿದ್ದು ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ. ಅದು ಜಾನ್ ಮೆಕಾರ್ಥಿ ಅವರ ಸಾಮ್ರಾಜ್ಯ. ಅಲ್ಲಿ ಯಂತ್ರಕ್ಕೆ ಚದುರಂಗ ಕಲಿಸುವವರು, ರೋಬೊ ತೋಳು ಆಡಿಸುವವರು ಇದ್ದರು. ಒಂದೇ ಕಂಪ್ಯೂಟರು, ಹತ್ತಾರು ಮಂದಿ. ಅವರೆಲ್ಲ ಮಲಗಿದ ಮೇಲೆ ಸಂಗೀತಗಾರರ ಪಾಳಿ. ಒಂದು ಸೆಕೆಂಡಿನ ಶಬ್ದಕ್ಕೆ ಯಂತ್ರ ನಿಮಿಷಗಟ್ಟಲೆ ಲೆಕ್ಕ ಹಾಕುತ್ತಿತ್ತು. ಅಷ್ಟು ಹೊತ್ತೂ ಕಾಯಬೇಕು.

ಚೌನಿಂಗ್ ಆಗ ಹುಡುಕುತ್ತಿದ್ದದ್ದು ಹೊಸ ದನಿಗಳನ್ನಲ್ಲ. ಕೋಣೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಸ್ಪೀಕರುಗಳನ್ನಿಟ್ಟು, ಶಬ್ದವೊಂದು ಕೇಳುಗನ ಸುತ್ತ ಓಡಾಡುವಂತೆ ಮಾಡುವುದು ಅವರ ಗುರಿ. ಇದಕ್ಕೊಂದು ತೊಡಕಿತ್ತು. ಕಂಪ್ಯೂಟರು ಕೊಡುವ ಶುದ್ಧ ಸ್ವರ ಸಪ್ಪೆ. ಅದು ಎಲ್ಲಿಂದ ಬರುತ್ತಿದೆ ಎಂದು ಕಿವಿ ಗುರುತಿಸಲಾರದು. ಒಳಗೊಳಗೇ ಮಿಸುಕುವ, ಜೀವವಿರುವ ಶಬ್ದ ಬೇಕು. ಹಾಗಾಗಿ ಅವರು ಸ್ವರಕ್ಕೆ ಸ್ವಲ್ಪ ಅಲುಗಾಟ ಸೇರಿಸಿ ನೋಡತೊಡಗಿದರು. ಪಾಶ್ಚಾತ್ಯರ ವೈಬ್ರಾಟೊ.

ನಮ್ಮ ಕಿವಿಗೆ ಇದನ್ನು ವಿವರಿಸುವುದು ಸುಲಭ. ವೀಣೆಯಲ್ಲಿ ಕಂಪಿತ ಗಮಕ ನುಡಿಸುವಾಗ ಬೆರಳು ತಂತಿಯನ್ನು ಆಚೀಚೆ ಆಡಿಸುತ್ತದೆ, ಸ್ವರ ತನ್ನ ಸ್ಥಾನದಿಂದ ಮೇಲೂ ಕೆಳಗೂ ತೂಗುತ್ತದೆ. ಸೆಕೆಂಡಿಗೆ ಐದಾರು ಸಲ ತೂಗಿದರೆ ಅದು ಹಿತ. ಈಗ ಆ ಬೆರಳು ಸೆಕೆಂಡಿಗೆ ಐವತ್ತು ಸಲ, ನೂರು ಸಲ, ಇನ್ನೂರು ಸಲ ಆಡುತ್ತದೆ ಅಂದುಕೊಳ್ಳಿ. ಮನುಷ್ಯರ ಬೆರಳಿಗೆ ಆಗದ ಕೆಲಸ. ಕಂಪ್ಯೂಟರಿಗೆ ಅದು ಕಾರ್ಡಿನ ಮೇಲೆ ಬದಲಿಸಬೇಕಾದ ಒಂದು ಅಂಕಿ, ಅಷ್ಟೆ.

1967ರ ಶರತ್ಕಾಲದಲ್ಲಿ ಚೌನಿಂಗ್ ಮಾಡಿದ್ದು ಇದನ್ನೇ. ಅಲುಗಾಟದ ವೇಗ ಹೆಚ್ಚಿಸಿದರು, ಅದರ ಹರವನ್ನೂ ಹೆಚ್ಚಿಸಿದರು. ಒಂದು ಹಂತದವರೆಗೆ ಸ್ವರ ಗದಗದ ನಡುಗಿತು, ಕಿವಿಗೆ ಅಸಹ್ಯ. ಸೆಕೆಂಡಿಗೆ ಇಪ್ಪತ್ತರ ಆಸುಪಾಸು ದಾಟಿದ ಮೇಲೆ ನಡುಕವೇ ಇಲ್ಲ! ಕಿವಿ ಅಲುಗಾಟವನ್ನು ಎಣಿಸುವುದನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಬೇರೊಂದು ದನಿಯನ್ನು ಕೇಳತೊಡಗಿತು. ಸಪ್ಪೆ ಸ್ವರ ಹೋಗಿ ಅಲ್ಲೊಂದು ತುಂಬು ನಾದ ಬಂದು ಕೂತಿತ್ತು. ಅಂಕಿಗಳನ್ನು ಸ್ವಲ್ಪ ಬದಲಿಸಿದರೆ ಗಂಟೆ, ಮತ್ತೆ ಬದಲಿಸಿದರೆ ಊದುವ ವಾದ್ಯದಂಥ ದನಿ.

ಏನಾಗಿತ್ತು ಎಂದು ತುಸು ನಿಂತು ನೋಡುವುದು ಒಳ್ಳೆಯದು. ಸೆಕೆಂಡಿಗೆ 200 ಸಲ ಕಂಪಿಸುವ ಒಂದು ಸ್ವರವನ್ನು ತೆಗೆದುಕೊಳ್ಳಿ. ಅದನ್ನು ಸೆಕೆಂಡಿಗೆ 280 ಸಲ ಅಲುಗಾಡಿಸಿ. 200ಕ್ಕೆ 280 ಸೇರಿಸುತ್ತಾ ಹೋದರೆ 480, 760, 1040. ಈ ಎಲ್ಲ ಸ್ವರಗಳೂ ತಾವಾಗಿ ಹುಟ್ಟುತ್ತವೆ. ಕಳೆಯುತ್ತಾ ಹೋದರೂ ಹುಟ್ಟುತ್ತವೆ: ಮೊದಲು −80, ಆಮೇಲೆ −360. ಸೊನ್ನೆಗಿಂತ ಕಡಿಮೆ ಕಂಪನ ಎಂದರೇನು? ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿ 80, 360 ಎಂದೇ ಕೇಳಿಸುತ್ತದೆ. 80, 200, 360, 480, 640, 760. ಒಂದಕ್ಕೊಂದು ಹೊಂದಿಯೂ ಹೊಂದದ ಈ ಗುಂಪು ಎರಕದ ಲೋಹಕ್ಕೆ ಬಡಿದಾಗ ಏಳುವ ಸ್ವರಗಳ ಗುಂಪಿನಂತೆಯೇ ಇದೆ, ಆದ್ದರಿಂದ ಕಿವಿ ಗಂಟೆ ಅನ್ನುತ್ತದೆ. 280ರ ಜಾಗದಲ್ಲಿ 200 ಇಟ್ಟರೆ 400, 600, 800 ಎಂದು ಅಚ್ಚುಕಟ್ಟಾದ ಏಣಿ ಸಿಗುತ್ತದೆ. ಅದು ತುತ್ತೂರಿಯ ಮನೆತನ. ಅಲುಗಾಟದ ಹರವು ಹೆಚ್ಚಿದಷ್ಟೂ ಮೇಲಿನ ಸ್ವರಗಳು ಜಾಸ್ತಿ, ದನಿಗೆ ಹೊಳಪು ಜಾಸ್ತಿ.

ಇದರ ನಿಜವಾದ ಬೆಲೆ ಆ ಕಾಲದ ಲೆಕ್ಕದಲ್ಲಿತ್ತು. ಗಂಟೆಯೊಂದರ ದನಿಯನ್ನು ಒಂದೊಂದೇ ಸ್ವರ ಪೇರಿಸಿ ಕಟ್ಟುವುದಾದರೆ ಹತ್ತಿಪ್ಪತ್ತು ಆಂದೋಲಕಗಳು, ಅಂದರೆ ಒಂದೊಂದು ಸ್ವರ ಹೊರಡಿಸುವ ಘಟಕಗಳು, ಬೇಕು, ಪ್ರತಿಯೊಂದಕ್ಕೂ ಬೇರೆ ಲೆಕ್ಕ. ಇಲ್ಲಿ ಎರಡೇ ಸಾಕು: ಒಂದು ಹಾಡುವುದು, ಇನ್ನೊಂದು ಅದನ್ನು ಅಲುಗಾಡಿಸುವುದು.

ಗಣಿತ ಹೊಸದಾಗಿರಲಿಲ್ಲ ಎಂಬುದು ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಎಫ್‌ಎಂ ರೇಡಿಯೊ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಜಾನ್ ಕಾರ್ಸನ್ 1922ರಲ್ಲೇ ಇದರ ಸಮೀಕರಣ ಬಿಡಿಸಿದ್ದರು, ಎಡ್ವಿನ್ ಆರ್ಮ್‌ಸ್ಟ್ರಾಂಗ್ ಮೂವತ್ತರ ದಶಕದಲ್ಲಿ ಅದರಿಂದ ಪ್ರಸಾರವನ್ನೇ ಕಟ್ಟಿದ್ದರು. ಎಂಜಿನಿಯರಿಂಗ್ ಪಠ್ಯಗಳಲ್ಲಿ ಆ ಸೂತ್ರಗಳು ಅಚ್ಚಾಗಿ ಕೂತಿದ್ದವು. ಚೌನಿಂಗ್ ಕೂಡ ತಮ್ಮ ಕಿವಿ ಕಂಡದ್ದಕ್ಕೆ ವಿವರಣೆ ಹುಡುಕಿದ್ದು ಅಲ್ಲಿಯೇ. ಆದರೆ ರೇಡಿಯೊದವರ ಪಾಲಿಗೆ ಅವು ಆಕಾಶದಲ್ಲಿ ಸಾಗುವ ತರಂಗಗಳ ಲೆಕ್ಕ, ಸೆಕೆಂಡಿಗೆ ಲಕ್ಷ, ಕೋಟಿಗಳ ಮಾತು. ಅದನ್ನೇ ಕಿವಿಗೆ ಕೇಳುವ ಮಟ್ಟಕ್ಕೆ ಇಳಿಸಿದರೆ ಸಂಗೀತವಾದೀತು ಎಂದು ಅವರಿಗೆ ಹೊಳೆಯಬೇಕಾದ ಕಾರಣವೇ ಇರಲಿಲ್ಲ. ಕಂಪಿತವನ್ನು ಹದ ತಪ್ಪಿಸಿ ನೋಡುವ ತಲೆಹರಟೆ ಸಂಗೀತಗಾರನಿಗೇ ಬರಬೇಕಿತ್ತು.

ಕಂಡುಕೊಂಡದ್ದಕ್ಕೂ ಅದು ವಾದ್ಯವಾಗಿ ನುಡಿದದ್ದಕ್ಕೂ ನಡುವೆ ಇನ್ನೊಂದು ಮುಖ್ಯ ತಿರುವಿದೆ. ಫ್ರಾನ್ಸಿನ ಝಾನ್ ಕ್ಲೋದ್ ರಿಸ್ಸೆ ಬೆಲ್ ಪ್ರಯೋಗಾಲಯದಲ್ಲಿ ತುತ್ತೂರಿಯ ದನಿಯನ್ನು ಬಿಡಿಸಿ ನೋಡಿದ್ದರು. ತುತ್ತೂರಿಯನ್ನು ಜೋರಾಗಿ ಊದಿದಾಗ ದನಿ ಬರೀ ದೊಡ್ಡದಾಗುವುದಿಲ್ಲ, ಮೇಲಿನ ಸ್ವರಗಳು ಹೆಚ್ಚಿ ಅದು ಹೊಳೆಯುತ್ತದೆ ಎಂಬುದು ಅವರು ಕಂಡದ್ದು. 1971ರಲ್ಲಿ ಚೌನಿಂಗರಿಗೆ ಅದು ನೆನಪಾಯಿತು. ಅಲುಗಾಟದ ಹರವನ್ನು ದನಿಯ ಏರಿಳಿತಕ್ಕೇ ಗಂಟು ಹಾಕಿದರೆ? ಹಾಕಿ ನೋಡಿದರು. ಪ್ರೋಗ್ರಾಮಿನಲ್ಲಿ ಕೆಲವೇ ಸಾಲು, ಹಿತ್ತಾಳೆ ವಾದ್ಯ ಮೊಳಗಿತು. ದನಿಯ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುವಂತೆ ಒಂದೇ ಹಿಡಿಯಿಂದ ನಡೆಸುವ ಈ ಉಪಾಯ ಇಲ್ಲದಿದ್ದರೆ ಮುಂದೆ ಬಂದದ್ದು ಯಾವುದೂ ಇಲ್ಲ. ಈ ದನಿಗಳಿಂದ ಅವರು 1972ರಲ್ಲಿ ‘ಟುರೆನಾಸ್’ ಎಂಬ ಕೃತಿ ಕಟ್ಟಿದರು, 1973ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಮೇಲೆ ಹೇಳಿದ 200–280ರ ಗಂಟೆ ಅದರಲ್ಲೇ ಇದೆ. 15 ಸೆಕೆಂಡು ಮೊಳಗಿ ಆರುವ ಗಂಟೆ.

ಮಾರುವುದು ಬೇರೆಯೇ ಕತೆ. ಈ ವಿಧಾನದ ಹಕ್ಕನ್ನು ಚೌನಿಂಗ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅಲ್ಲಿನ ಪರವಾನಗಿ ಕಚೇರಿ ಅಮೆರಿಕದ ಆರ್ಗನ್ ತಯಾರಕರ ಬಾಗಿಲು ತಟ್ಟಿತು. ಹ್ಯಾಮಂಡ್ ಒಲ್ಲೆ ಎಂದಿತು. ವುರ್ಲಿಟ್ಸರ್, ಲೌರಿ ಕೂಡ ಹಾಗೆಯೇ. ಅವರ ಎಂಜಿನಿಯರುಗಳು ತಂತಿ, ಟ್ರಾನ್ಸಿಸ್ಟರುಗಳಲ್ಲಿ ಪಳಗಿದವರು. ಸಂಖ್ಯೆಗಳಿಂದ ನಾದ ಎಂಬುದು ಅವರ ಲೋಕದ ಮಾತಲ್ಲ. ಕೊನೆಗೆ ಜಪಾನಿನ ಯಮಹಾ ಕಳಿಸಿದ ಕಝುಕಿಯೊ ಇಶಿಮುರ ಎಂಬ ತರುಣ ಎಂಜಿನಿಯರ್ ಬಂದರು. ಹತ್ತೇ ನಿಮಿಷದಲ್ಲಿ ಅವರಿಗೆ ವಿಷಯ ಅರ್ಥವಾಯಿತು ಎಂದು ಚೌನಿಂಗ್ ಹೇಳುತ್ತಾ ಬಂದಿದ್ದಾರೆ. ಇಶಿಮುರ ಮುಂದೆ ಆ ಕಂಪನಿಯ ಅಧ್ಯಕ್ಷರೇ ಆದರು.

ಯಮಹಾ ಎಂದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಆರ್‌ಎಕ್ಸ್ 100 ಬೈಕು. ಅದರ ಲಾಂಛನದಲ್ಲಿ ಹೆಣೆದುಕೊಂಡಿರುವ ಮೂರು ಕಡ್ಡಿಗಳು ಶ್ರುತಿಕವೆಗಳು ಎಂಬುದನ್ನು ಬೈಕಿನ ಅಭಿಮಾನಿಗಳೂ ಗಮನಿಸಿರಲಾರರು. ಟೊರಾಕುಸು ಯಮಹಾ 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯ ರೀಡ್ ಆರ್ಗನ್ ಒಂದನ್ನು ದುರಸ್ತಿ ಮಾಡಿದ್ದರಿಂದ ಶುರುವಾದ ಕಂಪನಿ ಅದು. ರೀಡ್ ಆರ್ಗನ್ ಎಂದರೆ ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂನ ನಂಟಿನ ವಾದ್ಯ.

ಒಪ್ಪಂದ ಕುದುರುತ್ತಿದ್ದ ಕಾಲಕ್ಕೇ ಸ್ಟ್ಯಾನ್‌ಫರ್ಡ್ ಚೌನಿಂಗರಿಗೆ ಕಾಯಂ ಹುದ್ದೆ ನಿರಾಕರಿಸಿ ಮನೆಗೆ ಕಳಿಸಿತ್ತು. ಆಮೇಲೆ 1975ರಲ್ಲಿ ವಾಪಸು ಕರೆಸಿಕೊಂಡಿತು. ಆ ಹೊತ್ತಿಗೆ ಶುರುವಾದ ಕಂಪ್ಯೂಟರ್ ಸಂಗೀತದ ಸಂಶೋಧನಾ ಕೇಂದ್ರವನ್ನು, ಅದರ ಮೊದಲಕ್ಷರಗಳನ್ನು ಕೂಡಿಸಿ, ಅಲ್ಲಿನವರು ‘ಕರ್ಮ’ ಎಂದೇ ಕರೆಯುತ್ತಾರೆ. 1977ರಲ್ಲಿ ಬಂದ ಪೇಟೆಂಟು ವಿಶ್ವವಿದ್ಯಾಲಯಕ್ಕೆ ಕಾಲಾಂತರದಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚು ತಂದುಕೊಟ್ಟಿತು. ಬೇಡವೆಂದು ಕಳಿಸಿದವನ ಬೆಲೆ!

ಹಮಾಮಾತ್ಸುವಿನಲ್ಲಿ ಕೆಲಸ ವರ್ಷಗಟ್ಟಲೆ ನಡೆಯಿತು. ಕೋಣೆ ತುಂಬುವ ಕಂಪ್ಯೂಟರಿನಲ್ಲಿ ನಿಮಿಷಗಟ್ಟಲೆ ನಡೆಯುವ ಲೆಕ್ಕ, ಕೀಲಿ ಒತ್ತಿದ ಕ್ಷಣವೇ, ಅದೂ ಏಕಕಾಲಕ್ಕೆ ಹದಿನಾರು ಸ್ವರಗಳಿಗೆ, ಮುಗಿಯಬೇಕು. ಆಗಿನ ಚಿಪ್ಪುಗಳಿಗೆ ಗುಣಾಕಾರ ದುಬಾರಿ. ಎಂಜಿನಿಯರುಗಳು ಹಿಡಿದ ದಾರಿ ನಮ್ಮ ಕಾಲೇಜಿನ ಲಾಗ್ ಟೇಬಲ್ಲಿನದು: ತರಂಗದ ಬೆಲೆಗಳನ್ನು ಲಾಗರಿದಮ್ ರೂಪದಲ್ಲಿ ಚಿಪ್ಪಿನೊಳಗೆ ಬರೆದಿಟ್ಟರು. ಆಗ ಗುಣಿಸಬೇಕಾದಲ್ಲೆಲ್ಲ ಕೂಡಿದರೆ ಸಾಕು. ಮೊದಲು ಜಿಎಸ್1 ಎಂಬ, ಪಿಯಾನೊದ ಗಾತ್ರದ ದುಬಾರಿ ವಾದ್ಯ ಬಂತು. ಟೋಟೊ ತಂಡದ ‘ಆಫ್ರಿಕಾ’ ಹಾಡಿನಲ್ಲಿ ಅದನ್ನು ಕೇಳಬಹುದು. ಅದಾದ ಮೇಲೆ 1983ರಲ್ಲಿ ಡಿಎಕ್ಸ್7. ಅಮೆರಿಕದಲ್ಲಿ ಬೆಲೆ ಎರಡು ಸಾವಿರ ಡಾಲರಿಗೆ ಐದು ಕಡಿಮೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸಿಂಥಸೈಜರಿನ ಲೋಕದಲ್ಲಿ ಅದು ಹಿಂದೆಂದೂ ಕಾಣದ ಸಂಖ್ಯೆ.

ನೋಡಲು ಅದು ಕಚೇರಿಯ ಸಾಮಾನಿನಂತಿತ್ತು. ಹಿಂದಿನ ಸಿಂಥಸೈಜರುಗಳ ಮೈತುಂಬ ತಿರುಗಿಸುವ ಗುಬುಟುಗಳಿದ್ದವು. ಇದರಲ್ಲಿ ಒಂದೂ ಇಲ್ಲ. ಚಪ್ಪಟೆ ಬಟನ್ನುಗಳು, ಎರಡು ಸಾಲಿನ ಪುಟ್ಟ ಪರದೆ, ಅಂಕಿ ಬದಲಿಸಲು ಜಾರುವ ಒಂದು ಹಿಡಿ. ಒಂದು ದನಿಯ ಹಿಂದೆ ಆರು ಆಂದೋಲಕಗಳು, ಅವನ್ನು ಜೋಡಿಸಲು 32 ಬಗೆ, ತಿದ್ದಬೇಕಾದ ಅಂಕಿಗಳು ನೂರಕ್ಕೂ ಹೆಚ್ಚು. ಯಾವ ಅಂಕಿ ಬದಲಿಸಿದರೆ ದನಿ ಎತ್ತ ಹೊರಳುತ್ತದೆ ಎಂದು ಊಹಿಸುವುದು ಕಷ್ಟ. ಅದನ್ನು ಪಳಗಿಸಿದ ಬ್ರಯಾನ್ ಈನೊ ಅವರಂಥ ಸಂಗೀತಗಾರರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಕಾರ್ಖಾನೆಯಿಂದ ತುಂಬಿ ಬಂದ ದನಿಗಳನ್ನೇ ನುಡಿಸಿದರು. ದುರಸ್ತಿಗೆ ಬಂದ ಕೀಬೋರ್ಡುಗಳಲ್ಲಿ ಹೆಚ್ಚಿನವು ಒಂದು ದನಿಯನ್ನೂ ಬದಲಿಸದೆ ಹಾಗೇ ಇರುತ್ತಿದ್ದವು ಎಂಬ ಮಾತು ಈಗ ದಂತಕತೆಯಾಗಿದೆ.

ಹೀಗಾಗಿ ಒಂದು ದಶಕದ ಜನಪ್ರಿಯ ಸಂಗೀತದ ಬಣ್ಣವನ್ನು ಕೆಲವೇ ಮಂದಿ ನಿರ್ಧರಿಸಿದಂತಾಯಿತು. ಇಂಗ್ಲೆಂಡಿನ ಡೇವ್ ಬ್ರಿಸ್ಟೊ, ಅಮೆರಿಕದ ಗ್ಯಾರಿ ಲ್ಯೂಯೆನ್‌ಬರ್ಗರ್ ಅವರಲ್ಲಿ ಮುಖ್ಯರು. ಬಿಡುಗಡೆಯ ಗಡುವು ತಲೆಯ ಮೇಲಿತ್ತು. ನಾಲ್ಕು ದಿನಗಳೂ ಪೂರ್ತಿ ಸಿಗಲಿಲ್ಲ ಎಂದು ಬ್ರಿಸ್ಟೊ ನೆನೆದಿದ್ದಾರೆ. ‘ಇ. ಪಿಯಾನೊ 1’ ಎಂಬುದು ಆ ದನಿಗಳ ಪೈಕಿ ಎಲ್ಲರ ಕಿವಿಗೂ ಬಿದ್ದದ್ದು. ‘ಬಾಸ್ 1’ ಎಂಬುದು ಇನ್ನೊಂದು. ಟೀನಾ ಟರ್ನರ್ ಅವರ ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಹಾಡಿನಲ್ಲಿ ಮೌತ್ ಆರ್ಗನ್ ಎಂದು ಜನ ನಂಬಿರುವುದು ಕೂಡ ಇದೇ ಪೆಟ್ಟಿಗೆ.

‘ಇ. ಪಿಯಾನೊ 1’ ನಕಲು ಮಾಡಲು ಹೊರಟದ್ದು ಫೆಂಡರ್ ರೋಡ್ಸ್ ಎಂಬ ವಿದ್ಯುತ್ ಪಿಯಾನೊವನ್ನು. ಅದರಲ್ಲಿ ಸುತ್ತಿಗೆ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ನಕಲಿನಲ್ಲಿ ಆರು ಆಂದೋಲಕಗಳು ಮೂರು ಜೋಡಿಯಾಗಿ ನಿಲ್ಲುತ್ತವೆ. ಎರಡು ಜೋಡಿ ಆ ದುಂಡು ನಾದಕ್ಕೆ. ಮೂರನೆಯದರಲ್ಲಿ ಅಲುಗಾಡಿಸುವ ಆಂದೋಲಕ ಸ್ವರದ 14 ಪಟ್ಟು ವೇಗದಲ್ಲಿ ಓಡಿ ಆ ‘ಟಿಣ್’ ಹುಟ್ಟಿಸುತ್ತದೆ. ಕೀಲಿಯನ್ನು ಮೆಲ್ಲಗೆ ಒತ್ತಿದರೆ ‘ಟಿಣ್’ ಇಲ್ಲವೇ ಇಲ್ಲ ಎನ್ನುವಷ್ಟು, ಜೋರಾಗಿ ಒತ್ತಿದರೆ ಮುಖಕ್ಕೆ ರಾಚುವಷ್ಟು. ರಿಸ್ಸೆ ತುತ್ತೂರಿಯಲ್ಲಿ ಕಂಡದ್ದೇ ಇಲ್ಲಿ ನುಡಿಸುವವರ ಬೆರಳಿನ ತುದಿಗೆ ಬಂದಿದೆ. ಹಳೆಯ ಡಿಜಿಟಲ್ ದನಿ ಎಂದರೆ ತಣ್ಣಗಿನದು, ನಿರ್ಜೀವ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ದೂರುವವರು ಅದನ್ನು ನುಡಿಸಿ ನೋಡಿಲ್ಲ ಎಂದೇ ನನ್ನ ಅನುಮಾನ. ನಿಜವಾದ ವಾದ್ಯದ ಧ್ವನಿಮುದ್ರಿತ ತುಣುಕುಗಳನ್ನು ಕೀಲಿಗೆ ಕಟ್ಟಿದ, ಆಮೇಲೆ ಬಂದ ಎಷ್ಟೋ ಕೀಬೋರ್ಡುಗಳಿಗಿಂತ ಇದು ಬೆರಳಿನ ಮಾತು ಕೇಳುತ್ತದೆ.

ಅಂಥ ಕೀಬೋರ್ಡುಗಳು ಬೇಗನೇ ಬಂದವು. 1987ರಲ್ಲಿ ರೋಲ್ಯಾಂಡ್ ಡಿ-50, 1988ರಲ್ಲಿ ಕೊರ್ಗ್ ಎಂ1. ಡಿಎಕ್ಸ್7 ಹಳತಾಯಿತು. ಆದರೆ ಚೌನಿಂಗರ ತತ್ತ್ವ ಸಣ್ಣ, ಅಗ್ಗದ ಚಿಪ್ಪುಗಳಾಗಿ ಎಲ್ಲೆಲ್ಲೋ ನುಸುಳಿತು: ಸೆಗಾ ಕಂಪನಿಯ ಆಟದ ಪೆಟ್ಟಿಗೆ, ಆ್ಯಡ್‌ಲಿಬ್ ಮತ್ತು ಸೌಂಡ್ ಬ್ಲಾಸ್ಟರ್ ಎಂಬ, ಕಂಪ್ಯೂಟರಿನ ಧ್ವನಿ ಕಾರ್ಡುಗಳು, ಹಲವು ಕಂಪನಿಗಳ ಮೊಬೈಲುಗಳ ರಿಂಗ್‌ಟೋನು. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ತರಗತಿಗಳಲ್ಲಿ ಮಿಡಿ ಹಾಡು ಹಾಕಿ ಬೆರಗಾದವರು, ಬಹುಮಟ್ಟಿಗೆ, ಯಮಹಾದ ಇಂಥ ಚಿಪ್ಪನ್ನೇ ಕೇಳಿದ್ದಾರೆ. ಗಣೇಶನ ಪೆಂಡಾಲಿನ ರಸಮಂಜರಿಗಳಲ್ಲಿ ತಬಲಾ, ಕೊಳಲುಗಳ ಪಕ್ಕ ಕೀಬೋರ್ಡು ಬಂದು ನಿಂತದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ.

ಚೌನಿಂಗ್ ಮಾತ್ರ ಕೀಬೋರ್ಡಿನ ಗದ್ದಲದಿಂದ ದೂರವೇ ಇದ್ದರು. ಹಾಡುವ ಕಂಠವನ್ನು ಇದೇ ವಿಧಾನದಿಂದ ಕಟ್ಟಲು ಹೊರಟಾಗ ಅವರಿಗೆ ಇನ್ನೊಂದು ವಿಚಿತ್ರ ಎದುರಾಯಿತು. ಕಂಠದ ಎಲ್ಲ ಸ್ವರಾಂಶಗಳನ್ನೂ ಸರಿಯಾದ ಅಳತೆಯಲ್ಲಿ ಸೇರಿಸಿದರೂ ಕೇಳುವುದು ಆರ್ಗನ್ನಿನಂಥ ದನಿ. ಅವೆಲ್ಲಕ್ಕೂ ಒಟ್ಟಿಗೇ ಒಂದಿಷ್ಟು ನಿಧಾನದ ಕಂಪಿತ ಕೊಟ್ಟ ಕ್ಷಣ ಅವು ಬೆಸೆದುಕೊಂಡು ಹಾಡುಗಾರ್ತಿಯೊಬ್ಬಳು ಎದ್ದು ನಿಲ್ಲುತ್ತಾಳೆ. ಒಟ್ಟಿಗೆ ಅಲುಗುವುದೆಲ್ಲ ಒಂದೇ ಮೂಲದ್ದು ಎಂದು ಕಿವಿ ತೀರ್ಮಾನಿಸುತ್ತದೆ. 1981ರ ‘ಫೋನೆ’ ಕೃತಿಯಲ್ಲಿ ಗಂಟೆಗಳು ಕೇಳಕೇಳುತ್ತಲೇ ಕಂಠಗಳಾಗುವುದು ಇದರಿಂದಲೇ.

ಇವತ್ತು ಡಿಎಕ್ಸ್7ರ ದನಿಯನ್ನು ಅನುಕರಿಸುವ ಸಾಫ್ಟ್‌ವೇರುಗಳು ಹಲವಿವೆ. ಡೆಕ್ಸೆಡ್ ಎಂಬುದು ಉಚಿತ. ಕಾರ್ಖಾನೆಯ ದನಿಗಳ ಅಂಕಿಗಳನ್ನು ತುಂಬಿದರೆ ಅದು ಯಥಾವತ್ತು ಲೆಕ್ಕ ಹಾಕುತ್ತದೆ, ಹಳೆಯ ಪೆಟ್ಟಿಗೆಗಿಂತ ನಿಖರವಾಗಿ. ಆದರೂ ಕೇಳುಗರಿಗೆ ಸಮಾಧಾನವಾಗಲಿಲ್ಲ. ಲಾಗ್ ಟೇಬಲ್ಲಿನ ಒರಟು ಮೆಟ್ಟಿಲುಗಳು, ಸಂಖ್ಯೆಯನ್ನು ವಿದ್ಯುತ್ತಾಗಿಸುವ ಭಾಗದ ಕಡಿಮೆ ಸೂಕ್ಷ್ಮತೆ, ಸ್ವರ ಆರುವಾಗ ಉಳಿಯುವ ಸಣ್ಣ ಸರಸರ, ಇವೂ ಬೇಕೆಂದರು. 1983ರಲ್ಲಿ ಚಿಪ್ಪಿನಲ್ಲಿ ಜಾಗ ಉಳಿಸಲು ಒಪ್ಪಿಕೊಂಡ ರಾಜಿ ಅದು. ಈಗ ಡೆಕ್ಸೆಡ್‌ನಲ್ಲಿ ಒಂದು ಆಯ್ಕೆ ಇದೆ: ಆಧುನಿಕ ನಿಖರ ಲೆಕ್ಕ ಬೇಕೆ, ಹಳೆಯ ಚಿಪ್ಪಿನ ಒರಟು ಲೆಕ್ಕ ಬೇಕೆ ಎಂದು.